ಜೋಪಾನ ಮಾಡಿದ ಮಂಡಿ

ನಮ್ಮ ಮಂಡ್ಯದ ಕಡೆಯವರಿಗೆ ಮಂಡಿ ಎಂದರೆ ಮೊದಲು ನೆನಪಾಗುವುದು ಬೆಲ್ಲದ ಮಂಡಿ. ಕಾಲಿನದು ಆಮೇಲೆ. ಹಾಗಾಗಿ ಅವ್ವನ ಆಪರೇಷನ್ ವಿಷಯ ತಿಳಿಸಲು ಪೂರಿಗಾಲಿಯಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿ, "ಮಾವ, ಮಂಡಿ ಬದಲಾಯಿಸ್ಬೇಕಂತೆ" ಎಂದಾಗ ಅವರು ಗಾಬರಿಯಾಗಲಿಲ್ಲ, ಸಿಟ್ಟಾದರು.

"ಅದ್ಯಾಕವ್ವ ಬದ್ಲಾಯ್ಸ್‌ಬೇಕು? ನಿಮ್ಮಪ್ಪ ಇದ್ದಾಗ್ಲಿಂದ್ಲೂ ಅದೇ ಮಂಡೀಗಲ್ವಾ ಬೆಲ್ಲ ಆಕಿದ್ದು? ಏನಂತೆ ಈಗ ಅವ್ರುದು?"

"ಬೆಲ್ಲದ ಮಂಡಿ ಅಲ್ಲ ಮಾವ, ಅವ್ವನ ಕಾಲಿನ ಮಂಡಿ."

ಮಾವನ ಸಿಟ್ಟು ಅಲ್ಲಿಗೇ ಇಳಿಯಿತು. ಆಮೇಲೆ, "ಕಾಲಿಂದಾ? ಅದ್ನೂ ಬದ್ಲಾಯ್ಸ್ತಾರಾ?" ಎಂದರು. ಸವೆದ ಮೂಳೆಯ ತುದಿ ತೆಗೆದು ಅಲ್ಲಿ ಲೋಹದ್ದನ್ನು ಕೂರಿಸುತ್ತಾರೆ ಎಂದು ಡಾಕ್ಟರು ನನಗೆ ಹೇಳಿದ್ದನ್ನೇ ಅವರಿಗೆ ಒಪ್ಪಿಸಿದೆ. ಮಾವ ಕೇಳಿದ್ದು ಇನ್ನೊಂದೇ ಪ್ರಶ್ನೆ. "ಒಂದ್ ಸಲ ಬದ್ಲಾಯ್ಸುದ್ರೆ ಮುಗೀತಾ, ಇಲ್ಲ ಮತ್ತೆ ಮತ್ತೆ ಕುಯ್ತಾರಾ?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಗಂಟಲು ಒಣಗಿಸಿಕೊಂಡವಳು ನಾನು. ಡಾಕ್ಟರನ್ನು ಈ ಪ್ರಶ್ನೆ ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ.

ಅವ್ವ ನಡೆದ ದಾರಿಯನ್ನೆಲ್ಲ ನೆನೆದರೆ ಹುಟ್ಟಿದಾಗ ಬಂದ ಮಂಡಿ ಅಷ್ಟು ವರ್ಷ ತಡೆದದ್ದೇ ಹೆಚ್ಚು. ಕೆರಗೋಡಿನ ನಮ್ಮ ಮನೆಯಿಂದ ಗದ್ದೆಗೆ ನಾಲೆ ಏರಿಯ ಮೇಲೆ ಹೋಗಬೇಕು. ಬೆಳಿಗ್ಗೆ ಒಂದು ಸಲ ಹೋಗಿ ಕಳೆ ಕಿತ್ತು ಬರುತ್ತಿದ್ದಳು. ಬಂದು ಅಡುಗೆ ಮಾಡಿ, ಕುಕ್ಕೆ ಹೊತ್ತು, ಅಪ್ಪ ಬೆಲ್ಲ ಕಾಯಿಸುತ್ತಿದ್ದ ಆಲೆಮನೆಗೆ ಮತ್ತೆ ಹೊರಡುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಿಂದೆ ಓಡಬೇಕು. ಅವಳದು ನಡಿಗೆ, ನನ್ನದು ಓಟ, ಆದರೂ ನಾನೇ ಹಿಂದೆ. "ಕಾಲ್ಗೇನ್ ಬಳ್ಳಿ ಸುತ್ಕಂಡದಾ? ಬಾ ಬಿರ್ನೆ" ಎನ್ನುವಳು, ತಿರುಗಿ ಕೂಡ ನೋಡದೆ. ಆಲೆಮನೆಯ ಹೊಗೆ ದೂರದಿಂದ ಕಂಡ ಕೂಡಲೇ ನನಗೂ ಕಾಲು ಬರುತ್ತಿತ್ತು. ಬಿಸಿಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸುತ್ತಿ ಅಪ್ಪ ಕೊಡುತ್ತಿದ್ದ. ಆ ರುಚಿಗೆ ಇವತ್ತು ಏನು ಕೊಟ್ಟರೂ ಸಮ ಬರುವುದಿಲ್ಲ.

ಅವ್ವ ಹಿಟ್ಟು ತೊಳಸುವುದನ್ನು ನೋಡಬೇಕಿತ್ತು. ನಮ್ಮಲ್ಲಿ ರಾಗಿಮುದ್ದೆಯನ್ನು ಹಿಟ್ಟು ಅಂತಲೇ ಅನ್ನುವುದು. ಕುದಿಯುವ ಪಾತ್ರೆಯನ್ನು ಒಲೆಯಿಂದ ನೆಲಕ್ಕೆ ಇಳಿಸಿ, ಕವಲೊಡೆದ ಕೋಲೊಂದನ್ನು ಅದರ ಕುತ್ತಿಗೆಗೆ ಆನಿಸುವಳು. ಅದಕ್ಕೆ ಕವೆಗೋಲು ಎಂದು ಹೆಸರು. ಕುಕ್ಕರಗಾಲಲ್ಲಿ ಕೂತು ಅದರ ಹಿಂದಿನ ತುದಿಯನ್ನು ಪಾದದಲ್ಲಿ ಮೆಟ್ಟಿದರೆ ಪಾತ್ರೆ ಅತ್ತಿತ್ತ ಅಲುಗುವಂತಿಲ್ಲ. ಆಮೇಲೆ ಎರಡು ಕೈಯಲ್ಲೂ ಹಿಟ್ಟಿನ ಕೋಲು ಹಿಡಿದು ತೊಳಸಿದಳೆಂದರೆ ಒಂದು ಗಂಟು ಉಳಿಯುತ್ತಿರಲಿಲ್ಲ. ಆ ಭಾರವೆಲ್ಲ ಬೀಳುತ್ತಿದ್ದದ್ದು ಮಂಡಿಯ ಮೇಲೆ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ಮಂಡ್ಯದ ನನ್ನ ಮನೆಗೆ ಬಂದಳು. ನಾನು ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಮದ್ದೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು ರೈಲಿನಲ್ಲಿ ಓಡಾಡುತ್ತಿದ್ದೆ. ಅವಳ ಬಲಗಾಲು ಬಿಲ್ಲಿನಂತೆ ಬಾಗಿ, ಎರಡು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವಂತಾದಾಗ ಊರಿನ ಎಲ್ಲ ಎಣ್ಣೆ, ಎಲ್ಲ ಸೊಪ್ಪು ಮುಗಿಸಿ ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆವು.

ಮಾವನ ಪ್ರಶ್ನೆಯನ್ನು ಮಾರನೆಯ ದಿನವೇ ಡಾಕ್ಟರಿಗೆ ಕೇಳಿದೆ. ಅವರು ತಾಳ್ಮೆಯ ಮನುಷ್ಯ. ತುಂಬ ಜನಕ್ಕೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಕೆಲವರಿಗೆ ಕೂರಿಸಿದ್ದು ಸಡಿಲವಾಗಬಹುದು, ಒಳಗೆ ಸೋಂಕಾಗಬಹುದು, ಬಿದ್ದು ಅದರ ಸುತ್ತಲ ಮೂಳೆ ಮುರಿಯಬಹುದು, ಆಗ ಮತ್ತೆ ಆಪರೇಷನ್ ಮಾಡಬೇಕಾಗುತ್ತದೆ ಎಂದರು. "ಎರಡನೇ ಸಲದ್ದು ಮೊದಲಿನ ಹಾಗಲ್ಲ ಮೇಡಂ. ಹಳೇದನ್ನ ಕಿತ್ತು ಹೊಸದು ಕೂರಿಸ್ಬೇಕು. ಹಿಡಿದುಕೊಳ್ಳೋಕೆ ಮೂಳೆನೂ ಅಷ್ಟು ಉಳಿದಿರಲ್ಲ. ನಿಮ್ಮ ತಾಯಿಗೆ ಶುಗರ್ ಬೇರೆ ಇದೆ. ಅದಕ್ಕೆ ಈಗ ಹಾಕೋದನ್ನ ಜೋಪಾನ ಮಾಡ್ಕೊಳ್ಳಿ."

ಜೋಪಾನ. ಆ ಒಂದು ಮಾತನ್ನು ನಾನು ಗಂಟು ಹಾಕಿಕೊಂಡು ಬಂದೆ.

ನಮ್ಮ ಮನೆಯಲ್ಲಿ ಜೋಪಾನ ಎಂದರೆ ಬಳಸದೆ ಇಡುವುದು. ಅವ್ವನ ಧಾರೆ ಸೀರೆ ಹಾಗೆ ಟ್ರಂಕಿನಲ್ಲಿ ಜೋಪಾನವಾಗಿತ್ತು. ಮದುವೆಯ ದಿನ ಬಿಟ್ಟರೆ ಒಂದು ದಿನವೂ ಉಡಲಿಲ್ಲ, ಬಿಸಿಲಿಗೂ ಹಾಕಲಿಲ್ಲ. ನನ್ನ ಕೆಲಸ ಕಾಯಂ ಆದ ಖುಷಿಗೆ ಉಡೋಣವೆಂದು ತೆಗೆದರೆ ಮಡಿಕೆ ಮಡಿಕೆಯಲ್ಲೂ ಸೀಳಿತ್ತು. ಅವತ್ತು ಅವ್ವ ಅದನ್ನು ಮಡಿಲಲ್ಲಿ ಹಾಕಿಕೊಂಡು ಸೀಳುಗಳನ್ನು ಸವರುತ್ತ ಕೂತಿದ್ದಳು. ಅಷ್ಟು ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ರಜೆ ಹಾಕಿ ಆಸ್ಪತ್ರೆಯಲ್ಲೇ ಉಳಿದೆ, ಅವಳ ಮಂಚದ ಪಕ್ಕ ನೆಲದ ಮೇಲೆ ಚಾಪೆ. ಮಾರನೆಯ ದಿನವೇ ಅವಳನ್ನು ನಾಲ್ಕು ಕಾಲಿನ ವಾಕರ್ ಹಿಡಿಸಿ ನಿಲ್ಲಿಸಿದರು. ಅವ್ವ ಅದಕ್ಕೆ ಆಡುಮರಿ ಎಂದು ಹೆಸರಿಟ್ಟಳು. "ನನ್ ಆಡುಮರಿ ತತ್ತಾ, ಒಂಚೂರು ಮೇಯ್ಸ್ಕಂಡ್ ಬತ್ತೀನಿ" ಎಂದರೆ ವಾರ್ಡಿನವರೆಲ್ಲ ನಗುತ್ತಿದ್ದರು. ನಾನು ಮಾತ್ರ ಅವಳ ಹಿಂದೆ ಎರಡೂ ಕೈ ಚಾಚಿಕೊಂಡು, ಈಗ ಬೀಳುತ್ತಾಳೆ ಆಗ ಬೀಳುತ್ತಾಳೆ ಅಂತ ಹೆದರುತ್ತ ನಡೆಯುತ್ತಿದ್ದೆ. ಅವಳು ನನ್ನ ಮುಖ ನೋಡಿ, "ಕುಯ್ಸ್ಕಂಡಿರಾದು ನಾನು, ಸೊರ್ಗಿರಾದು ನೀನು" ಎಂದಿದ್ದಳು. ಅದನ್ನು ಆಗ ತಮಾಷೆ ಅಂದುಕೊಂಡೆ.

ಮನೆಗೆ ಕಳಿಸುವಾಗ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟರು. "ಮಾಡಬಾರದ್ದು" ಎಂದು ಮೇಲೆ ದಪ್ಪಕ್ಷರ. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಭಾರ ಎತ್ತಬಾರದು, ಜಾರುವ ಕಡೆ ಓಡಾಡಬಾರದು. ಮನೆಗೆ ಬಂದವಳೇ ಮೈದಾ ಅಂಟು ಕಾಯಿಸಿ, ಶಾಲೆಯಲ್ಲಿ ಚಾರ್ಟು ಅಂಟಿಸುವ ಹಾಗೆ ನಾಲ್ಕು ಮೂಲೆಗೂ ನಡುವಿಗೂ ಬಳಿದು, ಆ ಹಾಳೆಯನ್ನು ನಡುಮನೆಯ ಗೋಡೆಗೆ ಅಂಟಿಸಿದೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ ಎನ್ನುವುದು ನನ್ನ ಉತ್ಸಾಹಕ್ಕೆ ಅಡ್ಡ ಬರಲಿಲ್ಲ. ದಿನಾ ಬೆಳಿಗ್ಗೆ ರೈಲಿಗೆ ಹೊರಡುವ ಮುಂಚೆ ಪ್ರಾರ್ಥನೆಯ ಹಾಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮಣೆ, ಈಳಿಗೆಮಣೆ, ಕವೆಗೋಲು ಮೂರನ್ನೂ ಅಟ್ಟಕ್ಕೆ ಹಾಕಿ ಏಣಿ ತೆಗೆದಿಟ್ಟೆ. ಅವತ್ತಿನಿಂದ ಹಿಟ್ಟು ತೊಳಸುವುದು ಗ್ಯಾಸ್ ಒಲೆಯ ಮೇಲೆ, ನಾನು. ಅಂಗೈಯಲ್ಲಿ ಮುರಿದರೆ ಒಳಗೆಲ್ಲ ಗಂಟು. ಅವ್ವ ಗಂಟನ್ನೂ ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು.

ಆರು ತಿಂಗಳಲ್ಲಿ ಅವಳು ಆಡುಮರಿ ಬಿಟ್ಟು ಊರುಗೋಲಿಗೆ ಬಂದಿದ್ದಳು. ಆಗ ಒಂದು ದಿನ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಜಾರಿ, ಧಪ್ಪನೆ ಕೂತುಬಿಟ್ಟಳು. ಮೂಳೆಗೇನೂ ಆಗಿರಲಿಲ್ಲ. ಆದರೆ ಡಾಕ್ಟರು ಎಕ್ಸ್‌ರೇ ನೋಡಿ, "ಅದೃಷ್ಟ ಮೇಡಂ. ಮುರಿದಿದ್ರೆ ಎಲ್ಲಾ ಬಿಚ್ಚಿ ಮತ್ತೆ ಮಾಡ್ಬೇಕಿತ್ತು" ಎಂದದ್ದು ನನ್ನ ಎದೆಗೆ ನಾಟಿತು.

ಅವತ್ತಿನಿಂದ ನನ್ನ ಬಾಯಿಗೆ ಒಂದು ಮಾತು ಸಿಕ್ಕಿತು. "ಅವ್ವ, ಮತ್ತೆ ಕುಯ್ತಾರೆ ನೋಡು." ಅವಳು ಹೂ ಕೀಳಲು ಗೇಟಿನವರೆಗೆ ಹೋದರೆ, ಮತ್ತೆ ಕುಯ್ತಾರೆ. ಸೊಪ್ಪಿನವಳನ್ನು ಕರೆಯಲು ಬೀದಿಗೆ ಇಳಿದರೆ, ಮತ್ತೆ ಕುಯ್ತಾರೆ. ಪೂರಿಗಾಲಿಗೆ ಹೋಗಿ ಅಣ್ಣನನ್ನು ನೋಡಿ ಬರುತ್ತೇನೆ ಎಂದರೆ, ಬಸ್ಸು ಹತ್ತಿ ಇಳಿದು ಏನಾದರೂ ಆದರೆ ಮತ್ತೆ ಕುಯ್ತಾರೆ ಅವ್ವ. ಅನ್ನ ಉಣ್ಣದ ಮಕ್ಕಳಿಗೆ ಗುಮ್ಮನನ್ನು ತೋರಿಸುತ್ತಾರಲ್ಲ, ಹಾಗೆ ನಾನು ಹೆತ್ತವಳಿಗೆ ಆಪರೇಷನ್ನನ್ನು ತೋರಿಸಿದೆ. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ.

ಅವ್ವ ಮೊದಮೊದಲು ಗೊಣಗಿದಳು. "ಕಾಲು ಆಕ್ಸಿರಾದು ನಡ್ಯಾಕೋ, ಮಡಗಾಕೋ?" ಎಂದು ಒಂದು ಸಲ ಕೇಳಿದ್ದು ನೆನಪಿದೆ. ಆಮೇಲೆ ಗೊಣಗಾಟ ನಿಂತಿತು. ಗೇಟಿಗೆ ಹೋಗುವುದು ನಿಂತಿತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯೇ ಅವಳ ಜಾಗವಾಯಿತು. ಸಾಯಂಕಾಲ ರೈಲಿಳಿದು ಮನೆಗೆ ಬಂದರೆ, ಬೆಳಿಗ್ಗೆ ಎಲ್ಲಿ ಕೂರಿಸಿ ಹೋಗಿದ್ದೆನೋ ಅಲ್ಲೇ ಇರುತ್ತಿದ್ದಳು. ನನಗೆ ಎಷ್ಟು ನೆಮ್ಮದಿ ಆಗುತ್ತಿತ್ತೆಂದರೆ, ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನಾಲೆ ಏರಿಯ ಮೇಲೆ ನನ್ನನ್ನು ಓಡಿಸಿದ ಹೆಂಗಸು ಕುರ್ಚಿಯಲ್ಲಿ ಕೂತಿದ್ದಾಳೆ, ನಾನು ಬ್ಯಾಗು ಇಳಿಸಿ ಕಾಫಿಗೆ ನೀರಿಡುತ್ತಿದ್ದೇನೆ, ಮಂಡಿ ಜೋಪಾನವಾಗಿದೆ.

ಮೂರನೇ ವರ್ಷ ನೋವು ಶುರುವಾಯಿತು. ಕುರ್ಚಿಯಿಂದ ಏಳಲು ಹೋದರೆ ಮಂಡಿ ಕುಸಿಯುತ್ತಿತ್ತು. "ಒಳ್ಗೆ ಇಳ್ದೋಯ್ತದೆ ಕಣವ್ವ" ಎನ್ನುತ್ತಿದ್ದಳು. ಸ್ವಲ್ಪ ಊತ ಬೇರೆ. ನನಗೆ ಮೊದಲು ಬಂದದ್ದು ಮರುಕವಲ್ಲ, ಸಿಟ್ಟು. ನಾನಿಲ್ಲದಾಗ ಈ ಮುದುಕಿ ಏನೋ ಮಾಡಿದ್ದಾಳೆ ಎಂಬ ಅನುಮಾನ. ತರಗತಿಯಲ್ಲಿ ಕಾಪಿ ಹೊಡೆದವರನ್ನು ಕೇಳುವ ದನಿಯಲ್ಲೇ ಕೇಳಿದೆ. "ನಿಜ ಹೇಳು, ನೆಲದ ಮೇಲೆ ಕೂತಿದ್ದೆ ತಾನೆ? ಹಿಟ್ಟು ತೊಳಸಿದೆ ತಾನೆ?"

"ಇಲ್ಲ ಕಣವ್ವ. ನಿನ್ನಾಣೆ, ಕುಂತಿಲ್ಲ."

ನಂಬಲಿಲ್ಲ ನಾನು. ಏಣಿ ಹಾಕಿ ಅಟ್ಟ ಹತ್ತಿದೆ. ಕವೆಗೋಲು ನಾನು ಇಟ್ಟ ಕಡೆಯೇ ಇತ್ತು. ಅದರ ಎರಡು ಕವಲಿನ ನಡುವೆ ಜೇಡ ಬಲೆ ಕಟ್ಟಿ, ಬಲೆಯ ಮೇಲೂ ಧೂಳು ಕೂತಿತ್ತು. ಇಳಿದು ಬಂದು ಅವಳ ಮುಖ ನೋಡಲಾರದೆ ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಡಾಕ್ಟರು ಎಕ್ಸ್‌ರೇ ತೆಗೆಸಿದರು, ಸೋಂಕು ಇದೆಯೇ ಎಂದು ನೋಡಲು ರಕ್ತಕ್ಕೂ ಬರೆದುಕೊಟ್ಟರು. ಎರಡು ದಿನ ಬಿಟ್ಟು ಬನ್ನಿ, ಎಲ್ಲ ನೋಡಿ ಹೇಳುತ್ತೇನೆ ಎಂದರು. ಆ ಎರಡು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸುದ್ದಿ ಕೇಳಿ ಮಾವ ಪೂರಿಗಾಲಿಯಿಂದ ಹೊರಟು, ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬಂದರು. ತಂಗಿಯ ಎದುರು ಕೂತು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, "ಏನಾಗಕಿಲ್ಲ ಬುಡು ತಂಗ್ಯವ್ವ" ಎಂದು ಹತ್ತು ಸಲ ಹೇಳಿದರು. ಅವ್ವ ನನ್ನನ್ನೇ ನೋಡುತ್ತಿದ್ದಳು. ಸವೆದ ಮೂಳೆ, ಸಕ್ಕರೆ ಕಾಯಿಲೆ, ಎಪ್ಪತ್ತು ದಾಟಿದ ವಯಸ್ಸು. ಈ ಸಲ ಮಂಚದಿಂದ ಎದ್ದು ಬರುತ್ತಾಳೋ ಇಲ್ಲವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಮೂರನೆಯ ದಿನ ಡಾಕ್ಟರು ಹಳೆಯ ಮತ್ತು ಹೊಸ ಎಕ್ಸ್‌ರೇ ಎರಡನ್ನೂ ದೀಪದ ಹಲಗೆಗೆ ಸಿಕ್ಕಿಸಿದರು. "ಕೂದಲೆಳೆಯಷ್ಟೂ ಅಲುಗಿಲ್ಲ. ರಕ್ತದಲ್ಲೂ ಏನಿಲ್ಲ" ಎಂದರು.

"ಅಂಗಾರೆ ಮತ್ತೆ ಕುಯ್ಯಾಕಿಲ್ವಾ?" ಅವ್ವ ಕೇಳಿದಳು.

"ಇಲ್ಲಮ್ಮ."

"ಕುಯ್ಯಾಕಿಲ್ಲ?"

"ಇಲ್ಲ. ಎಲ್ಲಿ, ಕಾಲು ನೇರ ಮಾಡಿ ಮೇಲೆತ್ತಿ ನೋಡೋಣ."

ಅವ್ವ ಮಲಗಿದ ಕಡೆಯಿಂದ ಎತ್ತಿದಳು. ಕಾಲು ಒಂದು ಗೇಣು ಕೂಡ ಏಳಲಿಲ್ಲ, ನಡುಗಿ ಕೆಳಕ್ಕೆ ಬಿತ್ತು. ಡಾಕ್ಟರು ಟೇಪು ಹಿಡಿದು ಎರಡೂ ತೊಡೆಯ ಸುತ್ತಳತೆ ತೆಗೆದರು. ಬಲದ್ದು ಒಣಗಿದ ಹಾಗಿತ್ತು, ನನ್ನ ಕಣ್ಣಿಗೇ ಕಾಣುತ್ತಿತ್ತು. ಅವರು ನನ್ನ ಕಡೆ ತಿರುಗಿ, "ನಾವು ಕೊಟ್ಟ ಹಾಳೆಯ ಹಿಂದಿನ ಪುಟದಲ್ಲಿ ವ್ಯಾಯಾಮ ಇತ್ತಲ್ಲ, ಮಾಡಿಸ್ತಿದ್ರಾ?" ಎಂದರು.

"ಹಿಂದಿನ ಪುಟ?"

"ಮುಂದುಗಡೆ ಮಾಡಬಾರದ್ದು, ಹಿಂದುಗಡೆ ಮಾಡಬೇಕಾದ್ದು. ದಿನಾ ನಡೀಬೇಕು, ತೊಡೆಗೆ ಕೆಲಸ ಕೊಡ್ಬೇಕು. ಜೋಪಾನ ಅಂದ್ರೆ ಕೂರಿಸಿಡಿ ಅಂತ ಅಲ್ಲ ಮೇಡಂ. ಹೀಗೇ ಬಿಟ್ರೆ ಕಾಲು ಒಂದಿನ ಕೈ ಕೊಡುತ್ತೆ, ಬೀಳ್ತಾರೆ. ಆಗ ನಿಜವಾಗ್ಲೂ ಎರಡನೇ ಆಪರೇಷನ್ ಮಾಡ್ಬೇಕಾಗುತ್ತೆ."

ಕಾಲು ಕೈ ಕೊಡುತ್ತೆ ಎನ್ನುವ ಮಾತಿಗೆ ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದೆ. ಪ್ರತಿ ಪರೀಕ್ಷೆಯಲ್ಲೂ ಕೋಣೆಯ ಬಾಗಿಲಲ್ಲಿ ನಿಂತು, "ಪುಟ ತಿರುಗಿಸಿ ನೋಡ್ರೋ, ಹಿಂದುಗಡೆಯೂ ಪ್ರಶ್ನೆ ಇದೆ" ಎಂದು ಕೂಗುತ್ತಿದ್ದವಳು ನಾನು.

ಮನೆಗೆ ಬಂದು, ಮಾವನನ್ನೂ ಅವ್ವನನ್ನೂ ಕೂರಿಸಿ, ಒದ್ದೆ ಬಟ್ಟೆ ತಂದು ಆ ಹಾಳೆಯನ್ನು ನೆನೆಸಿದೆ. ಮೈದಾ ಅಂಟು ನಾನು ಕಾಯಿಸಿದ್ದು, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಸುಣ್ಣಬಣ್ಣದ ಸಮೇತ ಚೂರುಚೂರಾಗಿ ಬಂತು. ಒಂದು ಚೂರಿನಲ್ಲಿ ಮಂಚದ ಮೇಲೆ ಮಲಗಿ ಕಾಲೆತ್ತಿದ ಹೆಂಗಸಿನ ಚಿತ್ರ. ಇನ್ನೊಂದರಲ್ಲಿ "ದಿನವೂ ನಡೆ" ಎಂಬಷ್ಟು ಉಳಿದು ಮುಂದಿನದು ಗೋಡೆಗೇ ಹೋಗಿತ್ತು. ಮೂರು ವರ್ಷ ಅದರ ಮುಂದೆ ನಿಂತು ಮಾಡಬಾರದ್ದನ್ನು ಓದಿದ್ದೆ, ಮಾಡಬೇಕಾದ್ದು ಅದರ ಬೆನ್ನಿಗೇ ಇತ್ತು, ಅಂಟು ಬಳಿಯುವ ಅವಸರದಲ್ಲಿ ಅದನ್ನು ಓದಿಯೇ ಇರಲಿಲ್ಲ. ಚೂರುಗಳನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತು ಅತ್ತುಬಿಟ್ಟೆ. "ತಪ್ಪಾಯ್ತು ಅವ್ವ" ಎಂದೆ.

ಅವ್ವ ಕುರ್ಚಿಯಿಂದಲೇ ಕೈ ಚಾಚಿ ನನ್ನ ತಲೆ ಮುಟ್ಟಿದಳು. "ನಿಂಗ್ಯಾಕವ್ವ ತಪ್ಪು? ಕುಯ್ಯಾದ್ಕೆ ನಂಗೇನ್ ಬಯ ಇರ್ನಿಲ್ಲ. ಕಬ್ಬಿನ್ ಗರಿ ಕೈಯ ಕುಯ್ದಿರಾದೇ ಎಷ್ಟೋ. ಆದ್ರೆ ನೀನು ಆಸ್ಪತ್ರೇಲಿ ನೆಲ್ದಲ್ಲಿ ಮನಿಕತಿದ್ದೆಯಲ್ಲ, ನನ್ ಕಾಲ್ ನೋಡ್ಕಂಡು ಅಳ್ತಿದ್ದೆಯಲ್ಲ, ಅದ ಇನ್ನೊಂದ್ ಸಲ ನೋಡಾಕಾಗಕಿಲ್ಲ ಅಂತ ಕಾಲೇ ಊರ್ನಿಲ್ಲ ಕಣವ್ವ."

ನಾನು ಅವಳಿಗಾಗಿ ಹೆದರಿದ್ದೆ, ಅವಳು ನನಗಾಗಿ. ಆಮೇಲೆ ಅವಳೇ ನಕ್ಕಳು. "ನನ್ ಕಾಲ್ನ ದಾರೆ ಸೀರೆ ಮಡಗ್ದಂಗೆ ಮಡಗ್ಬುಟ್ಟಿದ್ದೆ ಬುಡು."

ಮಾರನೆಯ ದಿನದಿಂದ ಮಂಚದ ಮೇಲೆ ಡ್ರಿಲ್ಲು. ನಾನು ಒಂದು, ಎರಡು ಎಂದು ಎಣಿಸುವುದು, ಅವಳು ಕಾಲೆತ್ತುವುದು. ಹತ್ತಕ್ಕೆ ನಿಲ್ಲಿಸು ಎಂದರೆ, "ನಿಮ್ಮ ಇಸ್ಕೂಲ್ ಮಗ್ಗಿ ಇಪ್ಪತ್ತರ್ಗಂಟ ಇಲ್ವಾ?" ಎನ್ನುವಳು. ಮೊದಲು ಗೇಟು, ಆಮೇಲೆ ಬೀದಿಯ ತಿರುವು. ಐದಾರು ತಿಂಗಳಾದ ಮೇಲೆ ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿ ಕೆರಗೋಡಿಗೆ ಹೋದೆವು. ನಾಲೆಗೆ ನೀರು ಬಿಟ್ಟಿದ್ದರು, ಎರಡೂ ಕಡೆ ಹೊಸ ನಾಟಿಯ ಪೈರು. ಅವ್ವ ಊರುಗೋಲು ಊರಿಕೊಂಡು ಏರಿಯ ಮೇಲೆ ಹೊರಟಳು. ಹಿಂದಿನ ವೇಗವಿರಲಿಲ್ಲ. ಆದರೂ ಚಪ್ಪಲಿಗೆ ಸಿಕ್ಕಿದ ಮಣ್ಣು ಕೊಡವಲು ನಾನು ನಿಂತಾಗ, ಮುಂದಿನಿಂದ ಕೂಗಿದಳು. "ಕಾಲ್ಗೇನ್ ಬಳ್ಳಿ ಸುತ್ಕಂಡದಾ? ಬಾ ಬಿರ್ನೆ." ನಾನು ಸಂತೋಷದಿಂದ ಓಡಿದೆ. ಐವತ್ತು ದಾಟಿದ ಹೆಂಗಸು ಓಡುವುದನ್ನು ಗದ್ದೆಯಲ್ಲಿದ್ದವರು ನೋಡಿದ್ದರೆ ನೋಡಿಕೊಳ್ಳಲಿ.

ಕವೆಗೋಲು ಅಟ್ಟದಿಂದ ಇಳಿಯಿತು. ನೆಲದ ಮೇಲೆ ಕೂರುವಂತಿಲ್ಲ ಎಂಬುದು ಮಾತ್ರ ಹಾಗೇ ಇತ್ತು, ಅದಕ್ಕೆ ಡಾಕ್ಟರು ಒಪ್ಪಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಪಾತ್ರೆ ಇಟ್ಟು ಅವ್ವ ನಿಂತುಕೊಂಡೇ ತೊಳಸಿದಳು. ನಿಂತವಳಿಗೆ ಕವೆಗೋಲನ್ನು ಪಾದದಲ್ಲಿ ಮೆಟ್ಟಲಾಗದು, ಅದನ್ನು ಹಿಡಿಯುವುದು ನನ್ನ ಕೆಲಸವಾಯಿತು. ಕವೆಗೋಲಿನ ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಎದುರಿಗೆ ಕೂರುತ್ತಿದ್ದೆ. "ಬಿಗಿಯಾಗ್ ಇಡ್ಕೊ. ಇಸ್ಕೂಲ್ ಐಕ್ಳ ಕಿವಿ ಇಡ್ಕತೀಯಲ್ಲ, ಅಂಗೆ ಇಡ್ಕೊ" ಎನ್ನುವಳು. ಒಂದು ಹಿಟ್ಟಿಗೆ ಇಬ್ಬರು ಹೆಂಗಸರು. ಗಂಟಿಲ್ಲದ ಹಿಟ್ಟು ಮತ್ತೆ ನಮ್ಮ ತಟ್ಟೆಗೆ ಬಂತು. ಹೀಗೆ ನಾಲ್ಕು ವರ್ಷ.

ಅವ್ವ ಹೋದದ್ದು ಕಾಲಿನಿಂದಲ್ಲ. ಎರಡು ದಿನ ಜ್ವರ, ಮೂರನೆಯ ಬೆಳಿಗ್ಗೆ ಇಲ್ಲ. ಕೆರಗೋಡಿನ ತೋಟದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಲ್ಲರೂ ಹಿಡಿ ಮಣ್ಣು ಹಾಕಿ ಹೊರಟ ಮೇಲೆ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಮಂಡಿ ಬದ್ಲಾಯ್ಸಂಗಿಲ್ಲ ಬುಡವ್ವ" ಎಂದರು. ಅಷ್ಟು ಹೇಳಿ ಅವರೂ ಅತ್ತರು. ಮೊದಲ ದಿನ ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಂದೇ ಸಲ ಕುಯ್ದರು, ಮತ್ತೆ ಕುಯ್ಯಲಿಲ್ಲ.

ನಡುಮನೆಯ ಗೋಡೆಯಲ್ಲಿ ಹಾಳೆ ಕಿತ್ತ ಜಾಗದಲ್ಲಿ ಬಣ್ಣ ಹೋದದ್ದು ಹೋದ ಹಾಗೇ ಇದೆ, ನಾನು ಬಳಿಸಿಲ್ಲ. ನಿವೃತ್ತಿಯಾಗಿದೆ, ದಿನಾ ಎರಡು ಹೊತ್ತು ನಡೆಯುತ್ತೇನೆ. ಮಧ್ಯಾಹ್ನ ಒಬ್ಬಳಿಗೆ ಒಂದು ಹಿಟ್ಟು. ಸ್ಟೂಲಿನ ಮೇಲೆ ಪಾತ್ರೆ ಇಡುತ್ತೇನೆ, ಕವೆಗೋಲು ಆನಿಸುತ್ತೇನೆ, ಆಮೇಲೆ ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಅದನ್ನೇ ಒತ್ತಿ ಹಿಡಿದು ಕೂತುಬಿಡುತ್ತೇನೆ. ತೊಳಸುವ ಕೈ ಎದುರಿಗಿಲ್ಲ ಎಂದು ನೆನಪಾಗುವುದು ಸ್ವಲ್ಪ ಹೊತ್ತಿನ ಮೇಲೆ. ನಾಲ್ಕು ವರ್ಷ ಎದುರಿಗೇ ಕೂತು ನಾನು ಕಲಿತದ್ದು ಬಿಗಿಯಾಗಿ ಹಿಡಿಯುವುದನ್ನು ಮಾತ್ರ. ನನ್ನ ಹಿಟ್ಟಿನಲ್ಲಿ ಇವತ್ತಿಗೂ ಗಂಟು.